ನೆರಳು ಅಳಿಸುವ ಮೋಡ

2022ರ ಡಿಸೆಂಬರ್ 9ರ ರಾತ್ರಿ ಮಾಂಡೂಸ್ ಚಂಡಮಾರುತ ತಮಿಳುನಾಡಿನ ಮಾಮಲ್ಲಪುರದ ಬಳಿ ದಡ ದಾಟಿತು. ಅಲ್ಲಿಂದ ಸುಮಾರು ಮುನ್ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಬಿರುಗಾಳಿಯ ಅಬ್ಬರ ತಟ್ಟಲಿಲ್ಲ. ಆದರೆ ಬೂದು ಮೋಡ ಆಕಾಶವನ್ನು ಅಂಚಿನಿಂದ ಅಂಚಿಗೆ ಮುಚ್ಚಿತು, ಜಿಟಿಜಿಟಿ ಮಳೆ ಹಿಡಿಯಿತು. ಜನ ಹಗಲಲ್ಲೂ ಸ್ವೆಟರ್ ತೊಟ್ಟು ಓಡಾಡಿದರು. ಚಳಿಗಾಲದ ಹೊಸ್ತಿಲಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆಯೂ ಎಷ್ಟೋ ಸಲ ಇದೇ ಹವೆ.

ಇದು ಪದರ ಮೋಡದ ಕೆಲಸ. ನೆಲದಿಂದ ಎರಡು ಕಿಲೋಮೀಟರ್ ಮೇಲಕ್ಕೆ, ನಮ್ಮ ಉಷ್ಣವಲಯದಲ್ಲಿ ಎಂಟು ಕಿಲೋಮೀಟರ್‌ವರೆಗೂ ಹಬ್ಬುವ ಈ ಮಧ್ಯಸ್ತರದ ಮೋಡಕ್ಕೆ ಆಲ್ಟೋಸ್ಟ್ರೇಟಸ್ ಎಂದು ಹೆಸರು. ಮೋಡಗಳಿಗೆ ಹೆಸರಿಡುವ ಪದ್ಧತಿಯನ್ನು 1802ರಲ್ಲಿ ಲಂಡನ್ನಿನ ಔಷಧ ತಯಾರಕ ಲ್ಯೂಕ್ ಹೊವಾರ್ಡ್ ಮುಂದಿಟ್ಟಾಗ ಈ ಹೆಸರು ಅವರ ಪಟ್ಟಿಯಲ್ಲಿರಲಿಲ್ಲ; ಸೇರಿದ್ದು ಆಮೇಲೆ.

ಗುರುತು ಹಿಡಿಯಲು ನೆಲ ನೋಡಿದರೆ ಸಾಕು. ಮೋಡ ತೆಳುವಾಗಿದ್ದರೆ ಸೂರ್ಯ ಮಸುಕು ಗಾಜಿನಾಚೆ ಇದ್ದಂತೆ ಕಾಣುತ್ತಾನೆ, ಆದರೆ ನಿಮ್ಮ ನೆರಳು ಬೀಳುವುದಿಲ್ಲ. ಇನ್ನೂ ಎತ್ತರದ ತೆಳು ಹಿಮಮೋಡವಾದರೆ ನೆರಳು ಉಳಿಯುತ್ತದೆ, ಸೂರ್ಯನ ಸುತ್ತ ಬೆಳಕಿನ ಉಂಗುರವೂ ಮೂಡಬಹುದು.

ಗುಡುಗು ಮೋಡದಲ್ಲಿ ಗಾಳಿ ಸೆಕೆಂಡಿಗೆ ಹತ್ತು ಮೀಟರ್‌ಗೂ ಮೀರಿದ ವೇಗದಲ್ಲಿ ನೆಟ್ಟಗೆ ಮೇಲೇರುತ್ತದೆ. ಪದರ ಮೋಡದಲ್ಲಿ ಅದು ಸೆಕೆಂಡಿಗೆ ಕೆಲವೇ ಸೆಂಟಿಮೀಟರಿನಷ್ಟು, ಆದರೆ ನೂರಾರು ಕಿಲೋಮೀಟರ್ ಅಗಲಕ್ಕೆ ಒಟ್ಟಿಗೇ ಏರುತ್ತದೆ. ಮೋಡದ ಮೇಲುಭಾಗದ ಹಿಮದ ಹರಳುಗಳು ನಿಧಾನಕ್ಕೆ ಇಳಿಯುತ್ತಾ ಬೆಳೆದು, ಸುಮಾರು ಐದು ಕಿಲೋಮೀಟರ್ ಎತ್ತರದಲ್ಲಿ ಕರಗಿ ಹನಿಯಾಗುತ್ತವೆ. ಕರಗುವ ಆ ಪಟ್ಟಿ ರೇಡಾರಿನಲ್ಲಿ ಎದ್ದು ಹೊಳೆಯುತ್ತದೆ. ಮೋಡ ತೆಳುವಾಗಿದ್ದರೆ ಹನಿಗಳು ದಾರಿಯಲ್ಲೇ ಆವಿಯಾಗಿಬಿಡುತ್ತವೆ. ದಪ್ಪಗಟ್ಟಿ ಕೆಳಗಿಳಿದು ಸೂರ್ಯನನ್ನು ಪೂರ್ತಿ ಮರೆಮಾಡಿತೆಂದರೆ ಅದು ನಿಂಬೋಸ್ಟ್ರೇಟಸ್. ಗಂಟೆಗಟ್ಟಲೆ ಬಿಡದ ಸೋನೆ ಅದರದ್ದು. ಬಿಸಿಲು ತಾಕದೆ ಹಗಲು ತಣ್ಣಗಾಗುತ್ತದೆ. ರಾತ್ರಿ ನೆಲದ ಶಾಖವನ್ನು ಮೋಡ ತಡೆಯುವುದರಿಂದ ತಾಪಮಾನ ಹೆಚ್ಚು ಇಳಿಯುವುದೂ ಇಲ್ಲ.

ಗುಡುಗು ಮೋಡಕ್ಕೆ ಸಿಗುವ ಗೌರವ ಈ ಮೋಡಕ್ಕೆ ಸಿಕ್ಕಿಲ್ಲ, ಸಿಗಬೇಕಿತ್ತು. 1997ರಲ್ಲಿ ಅಮೆರಿಕ ಮತ್ತು ಜಪಾನ್ ಜೊತೆಗೂಡಿ ಹಾರಿಸಿದ ಟಿಆರ್‌ಎಂಎಂ ಉಪಗ್ರಹದ ರೇಡಾರ್ ಉಷ್ಣವಲಯದ ಮಳೆಯನ್ನು ಅಳೆದಾಗ, ಅದರಲ್ಲಿ ಸುಮಾರು ಶೇಕಡ 40ರಷ್ಟು ಇಂಥ ಪದರ ಮಳೆಯೆಂದು ತಿಳಿಯಿತು. ಗುಡುಗು ಮೋಡಗಳು ಸುರಿದು ದಣಿದ ಮೇಲೆ ಅವುಗಳ ಬೆನ್ನಿಗೇ ಹರಡಿಕೊಂಡ ಪದರದಿಂದ ಬಿದ್ದದ್ದೇ ಅದರಲ್ಲಿ ಬಹುಪಾಲು. ಬಿರುಸು ಮಳೆಯ ನೀರು ಹರಿದುಹೋಗುತ್ತದೆ, ಸೋನೆಯ ನೀರು ನೆಲಕ್ಕಿಂಗುತ್ತದೆ.

ರಾಗಿ ಕೊಯ್ಲಿನ ಹೊತ್ತಿಗೆ ಮಾತ್ರ ಇದೇ ಸೋನೆ ಸಂಕಟ. ಕೊಯ್ದು ಹೊಲದಲ್ಲಿ ಬಿಟ್ಟ ತೆನೆ ನೆನೆದು ಮೊಳೆಯುತ್ತದೆ. ನವೆಂಬರ್, ಡಿಸೆಂಬರಿನಲ್ಲಿ ಕೊಲ್ಲಿಯಲ್ಲಿ ವಾಯುಭಾರ ಕುಸಿದ ಸುದ್ದಿ ಬಂದು, ಅಂಗಳದಲ್ಲಿ ನೆರಳೂ ಮಾಯವಾಗಿದ್ದರೆ ರೈತ ಬಾಂಧವರು ಕುಡುಗೋಲು ಹಿಡಿಯುವ ಮುನ್ನ ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿ ಮುನ್ಸೂಚನೆ ಕೇಳಿಕೊಳ್ಳಿ.