ಡಿಫರೆನ್ಷಿಯಲ್ ಬದಲಾಯಿಸಿದ ಜೀಪಿನ ಸ್ಪೀಡೋಮೀಟರ್
(ಶಿವಾರಪಟ್ಟಣದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಶಿವಾರಪಟ್ಟಣದವರಿಗೆ ಅಳತೆಯ ಬೆಲೆಯನ್ನು ನಾನು ಹೇಳಿಕೊಡಬೇಕಾಗಿಲ್ಲ. ವಿಗ್ರಹದ ಮೂಗು ಒಂದು ನೂಲು ತಪ್ಪಿದರೂ ಇಲ್ಲಿನ ಶಿಲ್ಪಿಗಳ ಕಣ್ಣಿಗೆ ಬೀಳುತ್ತದೆ. ಆದರೆ ಆ ವಿಗ್ರಹವನ್ನೋ ಟೊಮೆಟೊ ಕ್ರೇಟುಗಳನ್ನೋ ಹೊತ್ತೊಯ್ಯುವ ಹಳೆಯ ಜೀಪಿನ ಮೀಟರು ಹತ್ತಕ್ಕೆ ಒಂದು ಕಿಲೋಮೀಟರ್ ನುಂಗುತ್ತಿದ್ದರೂ ನಾವು ಸುಮ್ಮನಿರುತ್ತೇವೆ.

ಹಳೆಯ ಜೀಪುಗಳ ಡಿಫರೆನ್ಷಿಯಲ್ಲಿನಲ್ಲಿ ಕ್ರೌನಿಗೆ 43, ಪಿನಿಯನ್ನಿಗೆ 8 ಹಲ್ಲು ಇರುವುದುಂಟು. ಪ್ರೊಪೆಲ್ಲರ್ ಷಾಫ್ಟ್ ಸುಮಾರು 5.38 ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು ತಿರುಗುತ್ತದೆ. ಹೊರೆ ಎಳೆಯಲು ಇದು ಚೆನ್ನ. ಹೆದ್ದಾರಿಯಲ್ಲಿ ಮಾತ್ರ ಎಂಜಿನ್ ಅರಚುತ್ತದೆ. ಆದುದರಿಂದ ಕೆಲವರು 39ಕ್ಕೆ 8 ಹಲ್ಲಿನ, ಅಂದರೆ 4.88ರ ಜೋಡಿ ಹಾಕಿಸುತ್ತಾರೆ. ಈ ಜೀಪುಗಳಲ್ಲಿ ಸ್ಪೀಡೋಮೀಟರ್ ಕೇಬಲ್ ಹೊರಡುವುದು ಟ್ರಾನ್ಸ್‌ಫರ್ ಕೇಸಿನಿಂದ. ಅದು ಎಣಿಸುವುದು ಷಾಫ್ಟಿನ ಸುತ್ತನ್ನು. ಹಿಂದೆ ಗೇರು ಬದಲಾದ ಸುದ್ದಿ ಅದಕ್ಕೆ ಮುಟ್ಟುವುದೇ ಇಲ್ಲ. ಮೀಟರು 50 ತೋರಿಸುವಾಗ ಗಾಡಿ 55ರಲ್ಲಿ ಓಡುತ್ತಿರುತ್ತದೆ. ಕಲ್ಲು ಹೇರಿದ ಗಾಡಿಗೆ ಬ್ರೇಕ್ ಹಾಕುವಾಗ ಈ ಐದು ಕಡಿಮೆಯೇನಲ್ಲ. 20 ಲೀಟರ್ ಡೀಸೆಲಿಗೆ ಮೀಟರು 200 ಕಿ.ಮೀ. ಎಂದರೆ ನಿಜವಾಗಿ ಓಡಿದ್ದು 220. ಜೀಪು ಹೆಚ್ಚು ಕುಡಿಯುತ್ತದೆಂದು ಸುಮ್ಮನೆ ಪಂಪು, ನಾಜಲ್ ಬಿಚ್ಚಿಸಿ ಹಣ ಕಳೆಯುವವರನ್ನು ಕಂಡಿದ್ದೇನೆ. ಎಣ್ಣೆ ಬದಲಾಯಿಸುವ ಕಾಲವೂ ತಡವಾಗುತ್ತದೆ.

ಮೊದಲು ಟೈರಿನ ಅಳತೆ, ಗಾಳಿ ಸರಿ ಇವೆಯೇ ನೋಡಿರಿ. ಆಮೇಲೆ ಕೋಲಾರದ ಹೆದ್ದಾರಿಯಲ್ಲಿ ಕಿಲೋಮೀಟರ್ ಕಲ್ಲುಗಳನ್ನು ನೋಡಿಕೊಂಡು 10 ಕಿ.ಮೀ. ಹೋಗಿರಿ. ಮೀಟರಿನಲ್ಲಿ 9ರ ಮೇಲೆ ಸ್ವಲ್ಪ ಮಾತ್ರ ಏರಿದ್ದರೆ ದೋಷ ಇದೇ. ಈಗ ಮೊಬೈಲಿನಲ್ಲೂ ವೇಗ ನೋಡಬಹುದು. ನೋಡುವ ಕೆಲಸ ಪಕ್ಕದಲ್ಲಿ ಕುಳಿತವರದು.

ಸರಿಪಡಿಸಲು ಮೀಟರನ್ನು ಬಿಚ್ಚಬೇಕಾಗಿಲ್ಲ. ಕೇಬಲ್ ಸೇರುವ ಕಡೆ ಟ್ರಾನ್ಸ್‌ಫರ್ ಕೇಸಿನಲ್ಲಿ ಚಿಕ್ಕ ಪಿನಿಯನ್ ಇರುತ್ತದೆ. ಅದರ ಹಲ್ಲು ಎಣಿಸಿ, ಹೊಸ ಅನುಪಾತದಿಂದ ಗುಣಿಸಿ, ಹಳೆಯದರಿಂದ ಭಾಗಿಸಿರಿ. 15 ಹಲ್ಲಿದ್ದರೆ 13.6 ಬರುತ್ತದೆ. ಅರೆ ಹಲ್ಲಿನ ಗೇರು ಎಲ್ಲಿಯೂ ಸಿಗದು. 14 ಹಲ್ಲಿನದನ್ನು ಹಾಕಿಸಿರಿ. ಆಗಲೂ ನೂರಕ್ಕೆ ಮೂರರಷ್ಟು ಕಡಿಮೆ ತೋರಿಸುತ್ತದೆ, ಅಷ್ಟನ್ನು ನೆನಪಿನಲ್ಲಿಟ್ಟುಕೊಂಡರಾಯಿತು. ಹಳೆಯ ಪಿನಿಯನ್ನನ್ನೇ ಅಂಗಡಿಗೆ ಕೊಂಡೊಯ್ಯಿರಿ. ಹಲ್ಲು ಸರಿಯಿದ್ದೂ ದಪ್ಪ ಹೊಂದದಿರುವುದುಂಟು. ಆಯಿಲ್ ಸೀಲನ್ನೂ ಹೊಸದು ಹಾಕಿಸಿರಿ.

ಹಾಕಿದ ಡಿಫರೆನ್ಷಿಯಲ್ ಎಷ್ಟರದೆಂದು ತಿಳಿಯದಿದ್ದರೆ ಹೀಗೆ ಮಾಡಿರಿ. ಸಮತಟ್ಟಾದ ಜಾಗದಲ್ಲಿ ಉಳಿದ ಮೂರು ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹಿಂದಿನ ಒಂದು ಗಾಲಿಯನ್ನು ಜಾಕ್ ಮೇಲೆ ಎತ್ತಿರಿ. ಗೇರು ನ್ಯೂಟ್ರಲ್ಲಿನಲ್ಲಿರಲಿ. ಹ್ಯಾಂಡ್ ಬ್ರೇಕ್ ಬಿಡಿರಿ, ಹಳೆಯ ಜೀಪಿನಲ್ಲಿ ಅದು ಷಾಫ್ಟನ್ನೇ ಹಿಡಿಯುತ್ತದೆ. ಎತ್ತಿದ ಗಾಲಿಯನ್ನು ಎರಡು ಸುತ್ತು ತಿರುಗಿಸಿದರೆ ಷಾಫ್ಟ್ ಎಷ್ಟು ಸುತ್ತು ತಿರುಗುವುದೋ ಅದೇ ಅನುಪಾತ. ಗಾಡಿಯ ಕೆಳಗೆ ನುಸುಳಬೇಡಿರಿ. ಷಾಫ್ಟಿಗೆ ಸುಣ್ಣದ ಗುರುತು ಹಾಕಿ ಹೊರಗಿನಿಂದಲೇ ಎಣಿಸಬಹುದು.

ಮೀಟರಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. ಹಣ ಉಳಿಸಲು ಹಿಂದಿನದನ್ನು ಮಾತ್ರ ಬದಲಾಯಿಸಿ, ಕೆಸರಿನಲ್ಲಿ ಮುಂದಿನ ಗಾಲಿಗಳಿಗೂ ಗೇರು ಹಾಕಿದರೆ ಮುಂದಿನದೂ ಹಿಂದಿನದೂ ಒಂದನ್ನೊಂದು ಎಳೆದಾಡಿ ಗೇರು ಮುರಿಯಬಹುದು. ಎರಡನ್ನೂ ಒಂದೇ ಅನುಪಾತಕ್ಕೆ ತನ್ನಿರಿ. ಆಗುವವರೆಗೆ ಮುಂದಿನ ಗೇರು ಮುಟ್ಟಬೇಡಿರಿ.

ಪಿನಿಯನ್ ಬದಲಾಯಿಸಿದ ದಿನ ಮೀಟರಿನ ಅಂಕಿಯನ್ನೂ ತಾರೀಖನ್ನೂ ಗಾಡಿಯ ಪುಸ್ತಕದಲ್ಲಿ ಬರೆದಿಡಿರಿ. ಮುಂದಿನ ಎಣ್ಣೆಯ ಲೆಕ್ಕ ಅಲ್ಲಿಂದ ಆರಂಭವಾಗಲಿ.