ಡೈರಿಗೆ ಹೊಸ ಆ್ಯಪ್ ಯಾಕೆ? ಇಮೇಲ್ ಇದೆಯಲ್ಲ!

ಇವತ್ತಿನ ವಿಷಯ ಚಿಕ್ಕದು: ನಿಮ್ಮ ಜಿಮೇಲ್ ಒಳಗೇ ಒಂದು ಡೈರಿ ಮಾಡ್ಕೊಳ್ಳೋದು ಹೇಗೆ ಅಂತ. ಖರ್ಚಿಲ್ಲ, ಹೊಸ ಆ್ಯಪ್ ಹಾಕ್ಕೊಳ್ಳೋದೂ ಬೇಡ.

"ಫೋನಲ್ಲಿ ನೋಟ್ಸ್ ಆ್ಯಪ್ ಇದೆಯಲ್ಲ, ಇದ್ಯಾಕೆ?" ಅಂತ ಕೇಳಬಹುದು. ನೋಟ್ಸ್‌ನಲ್ಲಿ ಬರೆದದ್ದನ್ನ ಯಾವಾಗ ಬೇಕಾದ್ರೂ ತಿದ್ದಬಹುದು. ಕಳಿಸಿದ ಮೇಲನ್ನ ಅಳಿಸಬಹುದು, ಆದರೆ ತಿದ್ದೋಕಾಗಲ್ಲ. ದಿನ, ಗಂಟೆ ತಾನಾಗೇ ದಾಖಲಾಗಿರುತ್ತೆ. ಬಿ.ಕಾಂ. ಓದಿದವರಿಗೆ ಜರ್ನಲ್ ಎಂಟ್ರಿ ನೆನಪಿರುತ್ತೆ. ಅಲ್ಲಿ ತಪ್ಪಾದರೆ ಹಳೇ ಎಂಟ್ರಿ ಅಳಿಸಲ್ಲ, ಸರಿಪಡಿಸೋಕೆ ಇನ್ನೊಂದು ಹಾಕ್ತೀವಿ. ಮೇಲ್ ಡೈರಿಯೂ ಹಾಗೇ.

ಇದು ಎಲ್ಲಿ ಕೆಲಸಕ್ಕೆ ಬರುತ್ತೆ? ಪಿಜಿಗೆ ಸೇರೋ ದಿನ ಮಾಲೀಕರು "ಅಡ್ವಾನ್ಸ್‌ನಲ್ಲಿ 2,000 ಮಾತ್ರ ಹಿಡ್ಕೋತೀವಿ" ಅಂತಾರೆ ಅಂದ್ಕೊಳ್ಳಿ. ವರ್ಷ ಆದ್ಮೇಲೆ ಖಾಲಿ ಮಾಡೋವಾಗ "ಒಂದು ತಿಂಗಳ ಬಾಡಿಗೆ ಅಂದಿದ್ನಲ್ಲಪ್ಪ" ಅಂದ್ರೆ? ಅವತ್ತೇ ಬರೆದಿಟ್ಟ ನಾಲ್ಕು ಸಾಲಿದ್ರೆ ನೀವು ತಡವರಿಸಲ್ಲ. ಅದನ್ನೇ ಮಾಲೀಕರಿಗೂ ಅವತ್ತೇ ಮೆಸೇಜ್ ಹಾಕಿದ್ರೆ ಇನ್ನೂ ಗಟ್ಟಿ.

ಸರಿ, ಮಾಡೋದು ಹೇಗೆ? ನಿಮ್ಮ ಜಿಮೇಲ್ ವಿಳಾಸದಲ್ಲಿ @ ಚಿಹ್ನೆಗೆ ಮುಂಚೆ ಒಂದು + ಹಾಕಿ, ಇಂಗ್ಲಿಷ್ ಅಕ್ಷರದಲ್ಲಿ ಡೈರಿ ಅಂತ ಸೇರಿಸಿ. ಆ ವಿಳಾಸಕ್ಕೆ ಕಳಿಸಿದ್ದೂ ನಿಮಗೇ ಬರುತ್ತೆ. ಅದನ್ನ ಕಾಂಟ್ಯಾಕ್ಟ್‌ನಲ್ಲಿ "ಡೈರಿ" ಅಂತ ಸೇವ್ ಮಾಡಿ. ಆಮೇಲೆ ಬ್ರೌಸರ್‌ನಲ್ಲಿ ಜಿಮೇಲ್‌ನ ಡೆಸ್ಕ್‌ಟಾಪ್ ಸೈಟ್ ತೆಗೆದು, ಸೆಟ್ಟಿಂಗ್ಸ್‌ಗೆ ಹೋಗಿ ಒಂದು ಫಿಲ್ಟರ್ ಮಾಡಿ. ಇದು ಆ್ಯಪ್‌ನಲ್ಲಿ ಆಗಲ್ಲ. ಈ ವಿಳಾಸಕ್ಕೆ ಬಂದದ್ದು ಇನ್‌ಬಾಕ್ಸ್ ಬಿಟ್ಟು "ಡೈರಿ" ಲೇಬಲ್‌ಗೆ ಹೋಗಲಿ ಅಂತ ಅದರಲ್ಲಿ ಹೇಳಿ. ಅಷ್ಟೇ.

ಕನ್ನಡದಲ್ಲಿ ಬರೆಯೋರಿಗೆ ಒಂದು ಕಿವಿಮಾತು. ಜಿಮೇಲ್ ಇಡೀ ಪದವನ್ನೇ ಹುಡುಕುತ್ತೆ. ನೀವು "ಪಿಜಿಗೆ", "ಪಿಜಿಯಲ್ಲಿ" ಅಂತ ಬರೆದಿದ್ದು "ಪಿಜಿ" ಅಂತ ಹುಡುಕಿದ್ರೆ ಸಿಗದೇ ಹೋಗಬಹುದು. ಅದಕ್ಕೆ ಸಬ್ಜೆಕ್ಟ್ ಸಾಲಿನಲ್ಲಿ ಬರೀ ಪದ ಹಾಕಿ: ಪಿಜಿ, ಸಂಬಳ, ಆಸ್ಪತ್ರೆ. ಒಂದು ವಿಷಯಕ್ಕೆ ಒಂದೇ ಪದ, ಪ್ರತಿ ಸಲ ಅದೇ ಪದ.

ಮೂರು ಎಚ್ಚರಿಕೆ. ಒಂದು, ಆಫೀಸ್ ಮೇಲ್‌ನಲ್ಲಿ ಇದನ್ನ ಖಂಡಿತ ಮಾಡಬೇಡಿ. ಆ ಖಾತೆ ಕಂಪನಿದು, ಕೆಲಸ ಬಿಟ್ಟ ದಿನ ಡೈರಿಯೂ ಹೋಗುತ್ತೆ. ಎರಡು, ಪಾಸ್‌ವರ್ಡ್, ಪಿನ್ ಬರೀಬೇಡಿ. ಖಾತೆಗೆ ಟೂ-ಸ್ಟೆಪ್ ವೆರಿಫಿಕೇಶನ್ ಹಾಕಿ. ಮೂರು, 2 ವರ್ಷ ಬಳಸದ ಖಾತೆಯನ್ನ ಗೂಗಲ್ ಅಳಿಸಬಹುದು. ಅದಕ್ಕೆ ವರ್ಷಕ್ಕೊಮ್ಮೆ ಗೂಗಲ್ ಟೇಕ್‌ಔಟ್‌ಗೆ ಹೋಗಿ, ಡೈರಿ ಲೇಬಲ್ ಮಾತ್ರ ಆರಿಸಿ ಡೌನ್‌ಲೋಡ್ ಮಾಡ್ಕೊಳ್ಳಿ. ಎಂಬಾಕ್ಸ್ ಅನ್ನೋ ಫೈಲ್ ಸಿಗುತ್ತೆ, ಅದನ್ನ ಗೂಗಲ್ ಹೊರಗೂ ಓದಬಹುದು.

ದಿನಾ ಬರೀಬೇಕಂತಿಲ್ಲ. ಯಾರಾದ್ರೂ ದುಡ್ಡಿನ ಬಗ್ಗೆ, ಕೆಲಸದ ಬಗ್ಗೆ ಮಾತು ಕೊಟ್ಟ ದಿನ ಬರೀರಿ. ಮೊದಲ ಎಂಟ್ರಿ ಇವತ್ತೇ ಹಾಕಿ: ನಿಮಗೆ ಯಾರು ಎಷ್ಟು ಕೊಡಬೇಕು ಅಂತ! ಮುಂದಿನ ಸಂಚಿಕೆಯಲ್ಲಿ ಸಿಗೋಣ.