ಕೊನೆಯ ಗದ್ದೆಗೆ ನೀರು

ಪ್ರೀತಿಯ ಪದವೀಧರರೇ,

ಇವತ್ತು ಸಂಜೆ ನೀವು ಊರು ಸೇರಿದ ಕೂಡಲೇ ಎದುರಾಗುವ ಮೊದಲ ಪ್ರಶ್ನೆ ನನಗೆ ಗೊತ್ತು: ‘ಸಂಬಳ ಎಷ್ಟು ಸಿಗುತ್ತೆ?’ ಅದು ತಪ್ಪು ಪ್ರಶ್ನೆಯಲ್ಲ. ರೇಷ್ಮೆ ಹುಳು ಮೇಯಿಸಿ, ಡೇರಿಗೆ ಹಾಲು ಹಾಕಿ ಫೀಸು ಕಟ್ಟಿದ ಮನೆಗೆ ಅದನ್ನು ಕೇಳುವ ಹಕ್ಕಿದೆ. ದುಡಿಯಿರಿ, ಸಾಲ ತೀರಿಸಿ. ಆದರೆ ನಿಮ್ಮ ಗೆಲುವನ್ನು ಅಷ್ಟಕ್ಕೇ ನಿಲ್ಲಿಸಬೇಡಿ ಎಂದು ಕೇಳಿಕೊಳ್ಳಲು ಬಂದಿದ್ದೇನೆ.

ಮಾಲೂರು ತಾಲ್ಲೂಕಿನ ಸಾಹಿತಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ನಿಮಗೆಲ್ಲ ಗೊತ್ತು. ಎಂ.ಎ. ಮುಗಿಸಿ ಮೈಸೂರು ಸಿವಿಲ್ ಸರ್ವಿಸ್ ಸೇರಿ ಜಿಲ್ಲಾಧಿಕಾರಿಯಾದವರು. ಸೇವೆಯಲ್ಲಿ ತಮಗಿಂತ ಕಿರಿಯರೊಬ್ಬರಿಗೆ ಮಂತ್ರಿಗೆ ಸಮನಾದ ಸ್ಥಾನ ಸಿಕ್ಕಾಗ, 1940ರ ದಶಕದಲ್ಲಿ, ರಾಜೀನಾಮೆ ಕೊಟ್ಟು ಹೊರಬಂದರು. ಅಂದಿನ ಲೆಕ್ಕದಲ್ಲಿ ಅದು ಸೋಲೇ. ಆಮೇಲೆ ಅವರು ಎರಡು ದಶಕ ‘ಜೀವನ’ ಪತ್ರಿಕೆ ನಡೆಸಿದರು, 1956ರಲ್ಲಿ ‘ಚಿಕವೀರ ರಾಜೇಂದ್ರ’ ಕಾದಂಬರಿ ಕೊಟ್ಟರು. 1983ರ ಜ್ಞಾನಪೀಠ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಕೈತಪ್ಪಿದ ಆ ಹುದ್ದೆಯಲ್ಲಿ ಕೂತವರು ಯಾರೆಂದು ಇಂದು ಹೇಳಬಲ್ಲವರು ಕಡಿಮೆ. ನಿಮಗೂ ಹಕ್ಕಿನ ಬಡ್ತಿ ತಪ್ಪುವ ದಿನ ಬರಬಹುದು. ಅಂದು ಕೈಯಲ್ಲಿ ಮಾಡಲು ಪ್ರೀತಿಯ ಕೆಲಸವೊಂದಿದ್ದರೆ ನೀವು ಬಡವರಾಗುವುದಿಲ್ಲ.

ಇನ್ನು ನಾಯಕತ್ವ. ಅದಕ್ಕೆ ದೊಡ್ಡ ಹೆಸರುಗಳನ್ನು ಹುಡುಕುವ ಬದಲು ನಮ್ಮ ಕೆರೆ ಏರಿಗಳ ಮೇಲೆ ನಡೆದವನೊಬ್ಬನನ್ನು ನೆನೆಯುತ್ತೇನೆ. ಹೊಸಕೋಟೆ, ಮಾಲೂರು, ಕೋಲಾರದ ಸೀಮೆಯಲ್ಲಿ ಸದಾ ತುಂಬಿ ಹರಿಯುವ ಹೊಳೆಯಿಲ್ಲ. ಊರು ಬದುಕಿದ್ದು ಕೆರೆಯಿಂದ. ಆ ಕೆರೆಯ ತೂಬು ಎತ್ತುತ್ತಿದ್ದವನು ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುತ್ತಿದ್ದವನು ಅವನು. ಮಳೆಗಾಲದ ರಾತ್ರಿ ಏರಿ ಎಲ್ಲಿ ಜಿನುಗುತ್ತಿದೆ, ಕೋಡಿ ಯಾವಾಗ ಹೋದೀತು ಎಂದು ಕಾಯುತ್ತಿದ್ದವನೂ ಅವನೇ. ನೀರು ಕಡಿಮೆಯಾದ ವರ್ಷ ಗೌಡರ ಗದ್ದೆ ಎಂದು ಹೆಚ್ಚು ಬಿಡುವಂತಿಲ್ಲ, ಅಚ್ಚುಕಟ್ಟಿನ ಕೊನೆಯ ಗದ್ದೆ ಎಂದು ಮರೆಯುವಂತಿಲ್ಲ. ಎಷ್ಟೋ ಊರುಗಳಲ್ಲಿ ಅಚ್ಚುಕಟ್ಟಿನಲ್ಲಿ ಅವನಿಗೆ ತುಂಡು ನೆಲವೂ ಇರುತ್ತಿರಲಿಲ್ಲ. ತನ್ನದೆನ್ನುವ ಗದ್ದೆ ಇಲ್ಲದವನ ಮಾತನ್ನು ಎಲ್ಲರೂ ನಂಬುತ್ತಿದ್ದರು. ಕಣದಲ್ಲಿ ಸಿಗುವ ಕಾಳು ಅವನ ಸಂಬಳ.

ಇದನ್ನು ಬರೀ ಚಂದದ ಕತೆಯಾಗಿ ಹೇಳಿ ಮುಗಿಸಲಾರೆ. ನೀರುಗಂಟಿಗಳಲ್ಲಿ ಬಹಳ ಮಂದಿ ದಲಿತರು. ಊರಿನ ಬೆಳೆಯೆಲ್ಲ ಅವರ ಕೈಯಲ್ಲಿದ್ದರೂ ಊರಿನ ಹೊಸ್ತಿಲು ದಾಟಲು ಅವರಿಗೆ ಬಿಡುತ್ತಿರಲಿಲ್ಲ. ಅವರ ನ್ಯಾಯವನ್ನು ಊರು ಉಂಡಿತು, ಅವರಿಗೆ ನ್ಯಾಯ ಕೊಡಲಿಲ್ಲ. ಇಂದು ಈ ವೇದಿಕೆಯ ಮುಂದೆ ಅವರ ಮೊಮ್ಮಕ್ಕಳೂ ಪದವಿ ಹಿಡಿದು ಕೂತಿದ್ದರೆ, ನಾನು ಮೊದಲು ಕೈ ಮುಗಿಯಬೇಕಾದದ್ದು ಅವರಿಗೆ.

ಆಮೇಲೆ ಕೊಳವೆ ಬಾವಿ ಬಂತು. ಅವರವರ ನೀರು ಅವರವರ ಮೋಟಾರಿನಲ್ಲಿ. ಕೆರೆಯ ಹೂಳು ತೆಗೆಯುವ ಚಿಂತೆ ಯಾರಿಗೂ ಬೇಡವಾಯಿತು, ಬಾವಿಗಳು ಸಾವಿರ ಅಡಿ ದಾಟಿದವು. ಎಲ್ಲರೂ ತಮ್ಮಷ್ಟಕ್ಕೆ ಗೆದ್ದು, ಎಲ್ಲರೂ ಸೇರಿ ಸೋತ ಕತೆ ಇದು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಆ ನೀರು ಎಷ್ಟು ಶುದ್ಧ, ಅದರಿಂದ ಅಂತರ್ಜಲಕ್ಕೆ ಏನಾಗುತ್ತದೆ ಎಂದು ಪರೀಕ್ಷೆಯ ವರದಿ ಕೈಯಲ್ಲಿ ಹಿಡಿದು ಕೇಳುವವರು ಬೇಕು. ಇತ್ತ ಹೊಸಕೋಟೆಯಿಂದ ಮಾಲೂರಿನ ಕಡೆ ಚೆನ್ನೈ ಎಕ್ಸ್‌ಪ್ರೆಸ್‌ವೇ ಬಂದಿದೆ. ಜಮೀನಿಗೆ ಕೋಟಿಗಳ ಮಾತು. ರಾಜಕಾಲುವೆ ಮುಚ್ಚಿ ಲೇಔಟ್ ಮಾಡುವಾಗ ಸರ್ವೆ ನಕ್ಷೆ ಓದಿ ‘ಇಲ್ಲಿ ಕಾಲುವೆ ಇತ್ತು’ ಎನ್ನಬಲ್ಲವರೂ ಬೇಕು. ವಿಜ್ಞಾನ, ವಾಣಿಜ್ಯ, ಕಲೆ ಯಾವುದನ್ನೇ ಓದಿರಿ, ಈ ಕೆಲಸಕ್ಕೆ ಬೇಕಾದ ಓದು ನಿಮ್ಮಲ್ಲಿದೆ.

ಆಫೀಸಿನಲ್ಲೂ ನೀರುಗಂಟಿಯ ನ್ಯಾಯವೇ ಬೇಕು. ನಿಮ್ಮ ಕೈಕೆಳಗೆ ನಾಲ್ಕು ಜನ ಬಂದ ದಿನ, ಎಲ್ಲರಿಗಿಂತ ಹಿಂದೆ ಕೂತು ಮಾತಾಡಲು ಅಂಜುವ ಹುಡುಗಿಗೆ ಕೆಲಸ ಕಲಿಸಿದಿರಾ, ಹೆಸರು ಬರುವಾಗ ಅವಳ ಹೆಸರನ್ನೂ ಹೇಳಿದಿರಾ, ಅದನ್ನು ನೋಡಿಕೊಳ್ಳಿ. ಚೆನ್ನಾಗಿ ಮಾತಾಡುವ ನಾಯಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಸಮನಾಗಿ ಹಂಚುವವರ ಬರ ಇದೆ.

ಆ ಹಂಚಿಕೆಯನ್ನು ನಿಮ್ಮೂರಿನಲ್ಲೇ ಶುರುಮಾಡಬಹುದು. ಹದಿನೆಂಟು ತುಂಬಿ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಪಂಚಾಯಿತಿ ಚುನಾವಣೆಗೆ ನಿಲ್ಲಲು 21 ವರ್ಷ ಸಾಕು, ನಿಮ್ಮಲ್ಲಿ ಬಹಳ ಮಂದಿಗೆ ಆಗಲೇ ಆಗಿದೆ. ಬೆಂಗಳೂರಿನಲ್ಲಿ ಕೆಲಸ ಸಿಕ್ಕರೂ ಒಂದು ದಿನ ರಜೆ ಹಾಕಿ ನಿಮ್ಮೂರಿನ ಮುಂದಿನ ಗ್ರಾಮಸಭೆಗೆ ಹೋಗಿ. ಮುಂದಿನ ಸಾಲಿನಲ್ಲಿ ಕೂತು ನಿಮ್ಮ ಕೆರೆಯ ಲೆಕ್ಕ ಕೇಳಿ. ಉತ್ತರ ಬರುವವರೆಗೂ ಏಳಬೇಡಿ.